ನರಹರಿ ಹೋದದ್ದು ದಶಮಿಯಂದು

ಶಾರದಾ, ನಿನ್ನ ಗಂಡ ಏಕಾದಶಿಯ ದಿನ ಹೋಗಲಿಲ್ಲ. ಅವನು ಹೋದದ್ದು ದಶಮಿಯಂದು. ಆ ಬೆಳಗ್ಗೆ ಅವನು ಉಪವಾಸವಿರಬೇಕಾದ ಕಾರಣವೇ ಇರಲಿಲ್ಲ. ಇದು ನನಗೆ ಆಮೇಲೆ ಪಂಚಾಂಗ ತಿರುವಿ ಹಾಕಿ ತಿಳಿದದ್ದಲ್ಲ — ಅವನು ಇನ್ನೂ ಬದುಕಿದ್ದಾಗ, ನನ್ನೆದುರು ಕುಳಿತು ಕೇಳಿದಾಗ, ಆಗಲೇ ತಿಳಿದಿತ್ತು. ತಿಳಿದೂ ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ಅವನು ಬರಿಹೊಟ್ಟೆಯಲ್ಲಿ ಬೆಟ್ಟ ಹತ್ತಿದ. ಆ ಸುಳ್ಳಿನ ಮೇಲೆ ನೀನು ಆರು ವರ್ಷದಿಂದ ಬದುಕುತ್ತಿದ್ದೀಯೆ.

ಕಳೆದ ವಾರ ಟೆಲಿಫೋನಿನಲ್ಲಿ ಇದನ್ನೇ ಹೇಳಲು ಹೊರಟೆ. ನೀನು ನಂಬಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಏಕೆಂದರೆ ನಿನಗೆ ಗೊತ್ತಿರುವುದರಲ್ಲಿ ಎಷ್ಟು ನಾನು ಹೇಳಿಕೊಟ್ಟದ್ದು, ಎಷ್ಟು ನಡೆದದ್ದು ಎಂಬುದು ನಿನಗೆ ಕಾಣಬೇಕು.

ನಾನು ಮೈಸೂರಿನ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಸಂಸ್ಕೃತ ಓದಿ, ಬಳಿಕ ಗಣಿತಕ್ಕೆ ತಿರುಗಿದವನು. ಪತ್ನಿ ತೀರಿಕೊಂಡ ಮರುವರ್ಷ, ಸಾವಿರದ ಒಂಬೈನೂರ ಅರವತ್ತೇಳರಲ್ಲಿ, ಡೆಟ್ರಾಯ್ಟಿನ ಕಾಲೇಜೊಂದಕ್ಕೆ ಪಾಠ ಹೇಳಲು ಬಂದೆ. ಆಗ ಈ ಕಡೆ ನಮಗೊಂದು ಗುಡಿಯಿರಲಿಲ್ಲ, ಪುರೋಹಿತರಿರಲಿಲ್ಲ. ಹಡಗಿನ ಅಂಚೆಯಲ್ಲಿ ಹೊರಟ ಪಂಚಾಂಗ ಯುಗಾದಿ ಕಳೆದು ಎರಡು ತಿಂಗಳಿಗೆ ಕೈಸೇರುತ್ತಿತ್ತು. ಸೇರಿದರೂ ಅದು ಮೈಸೂರಿನ ಸೂರ್ಯೋದಯಕ್ಕೆ ಗುಣಿಸಿದ ಪಂಚಾಂಗ. ತಿಥಿಯೆಂಬುದು ಲೋಕಕ್ಕೆಲ್ಲ ಒಂದೇ ಗಳಿಗೆಯಲ್ಲಿ ಹುಟ್ಟುತ್ತದೆ. ಆದರೆ ಆ ಗಳಿಗೆಯಲ್ಲಿ ಮೈಸೂರಿನಲ್ಲಿ ಸಂಜೆಯಾಗುತ್ತಿದ್ದರೆ ಡೆಟ್ರಾಯ್ಟಿನಲ್ಲಿ ಆಗತಾನೇ ನಸುಕು ಹರಿಯುತ್ತಿರುತ್ತದೆ. ಯಾವ ಊರಿನಲ್ಲಿ ಸೂರ್ಯ ಮೂಡುವಾಗ ಯಾವ ತಿಥಿ ನಡೆಯುತ್ತಿದೆಯೋ ಆ ಊರಿಗೆ ಅಂದು ಅದೇ ತಿಥಿ. ಆ ಲೆಕ್ಕವನ್ನು ಇಲ್ಲಿಗೆ ಹೊಂದಿಸಿ, ವರ್ಷದ ಏಕಾದಶಿಗಳನ್ನೆಲ್ಲ ಪಟ್ಟಿಮಾಡಿ, ಒಂದೊಂದರ ಮುಂದೆಯೂ ಅದು ಹುಟ್ಟುವ ಡೆಟ್ರಾಯ್ಟಿನ ಗಂಟೆ-ನಿಮಿಷ ಬರೆದು, ಕಾರ್ಬನ್ ಕಾಗದವಿಟ್ಟು ಟೈಪು ಮಾಡಿ ನಮ್ಮವರ ಮನೆಗಳಿಗೆ ಕಳುಹಿಸುತ್ತಿದ್ದೆ. ಶಿಕಾಗೋ ಕಡೆಯವರಿಗೂ ಬೇರೆ ಪ್ರತಿ ಹೋಗುತ್ತಿತ್ತು. ಶಾಮ್‌ಬರ್ಗ್‌ನ ಡಾಕ್ಟರೊಬ್ಬರು ಅಲ್ಲಿಂದ ಫೋನು ಮಾಡಿ, “ಶಾಸ್ತ್ರಿಗಳೇ, ಉಪವಾಸ ನಾಳೇನೋ ನಾಡಿದ್ದೋ? ಫ್ರಿಜ್‌ನಲ್ಲಿ ಬಿಸಿಬೇಳೆ ಇದೆ, ಬೇಗ ಹೇಳಿಬಿಡಿ” ಎನ್ನುತ್ತಿದ್ದರು. ನಗುತ್ತಿದ್ದೆ. ಆದರೆ ಆ ಮಾತು ನನಗೆ ಎಷ್ಟು ಹಿತವಾಗಿತ್ತು ಎಂಬುದನ್ನು — ಅದು ಬರಿಯ ಕೂಡುವ ಕಳೆಯುವ ಲೆಕ್ಕ, ಶಾರದಾ. ಅದಕ್ಕೆ ಸಿಕ್ಕ ಗೌರವ ಮಾತ್ರ ಜ್ಞಾನಕ್ಕೆ ಸಲ್ಲುವಂಥದ್ದು. ನನಗೆ ಅದರ ರುಚಿ ಹತ್ತಿತ್ತು.

ಭಾನುವಾರದ ನನ್ನ ಊಟ ನಿಮ್ಮ ಮನೆಯಲ್ಲಿ. ರಕ್ತಸಂಬಂಧವಿಲ್ಲದಿದ್ದರೂ ನೀನು ನನ್ನನ್ನು ಅಣ್ಣ ಎಂದೇ ಕರೆದೆ. ನರಹರಿ ನನಗಿಂತ ಹದಿನೇಳು ವರ್ಷಕ್ಕೆ ಚಿಕ್ಕವನು. ಕಾರಿನ ಕಾರ್ಖಾನೆಯಲ್ಲಿ ಅಚ್ಚುಗಳ ನಕ್ಷೆ ಬರೆಯುವ ಎಂಜಿನಿಯರು, ಮನಸ್ಸೆಲ್ಲ ಸೈಕಲ್ಲಿನ ಮೇಲೆ. ಕಾರಿಲ್ಲದೆ ಹಾಲಿನ ಅಂಗಡಿಗೂ ಹೋಗಲಾಗದ ಊರಿನಲ್ಲಿ ಅವನು ಹತ್ತು ಗೇರಿನ ಸೈಕಲ್ಲು ತುಳಿದು ಕೆಲಸಕ್ಕೆ ಹೋಗುತ್ತಿದ್ದ. ಮೈಸೂರಿನಲ್ಲಿ ಮೂವತ್ತು ವರ್ಷ ಸೈಕಲ್ಲಿನಲ್ಲೇ ಕಾಲೇಜಿಗೆ ಹೋಗಿಬಂದ ನನಗೂ ಒಂದನ್ನು ಕೊಡಿಸಿದ. ಬೆಳಗಿನ ಹೊತ್ತು ಇಬ್ಬರೂ ಇಪ್ಪತ್ತು ಮೈಲಿ ಹೋಗಿಬರುತ್ತಿದ್ದೆವು. ಹಿಂದಿನಿಂದ ಹಾರನ್ನು ಬಡಿಯುವವರನ್ನು ಕಂಡು ಅವನು, “ಕಾರು ಮಾಡೋ ಊರಲ್ಲಿ ಸೈಕಲ್ ತುಳಿಯೋದು ಅಂದ್ರೆ ಮಠದಲ್ಲಿ ಮೀನು ಹುರಿದ ಹಾಗೆ, ಶಾಸ್ತ್ರಿಗಳೇ” ಎಂದು ನಗುತ್ತಿದ್ದ. ಮಿಶಿಗನ್ನಿನ ಸಮತಟ್ಟು ನೆಲ ಅವನಿಗೆ ಸಾಲದು. “ಇಲ್ಲಿ ರಸ್ತೆ ಇಸ್ತ್ರಿ ಮಾಡಿದ ಪಂಚೆ ಥರ. ಹತ್ತು ಗೇರು ಇಟ್ಕೊಂಡು ಒಂದೇ ಗೇರಲ್ಲಿ ತುಳೀತಿದೀನಿ. ಮಿಕ್ಕ ಒಂಬತ್ತಕ್ಕೆ ಅವಮಾನ.”

ಅವನಿಗೆ ಬೆಟ್ಟದ ಹುಚ್ಚು ಹಿಡಿಸಿದವನು ಮಾರ್ಸೆಲ್. ಅದೇ ಕಾರ್ಖಾನೆಯ ಮುದುಕ ಕುಶಲಕರ್ಮಿ, ಫ್ರಾನ್ಸಿನ ನೈಋತ್ಯಕ್ಕಿರುವ ಗ್ಯಾಸ್ಕನಿಯವನು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸದ್ದು ಕೇಳಿಯೇ ಬಿಗಿ ಸರಿಮಾಡುತ್ತಿದ್ದ. ತನ್ನ ಸೀಮೆಯ ಗುಡ್ಡಗಳ ಸುದ್ದಿ ಹೇಳುತ್ತಿದ್ದ. ಅಲ್ಲಿ ಅವನ ಅಕ್ಕನ ಹೊಲಮನೆಯಿತ್ತು. ಎಪ್ಪತ್ತಮೂರರ ಸೆಪ್ಟೆಂಬರಿನಲ್ಲಿ, ನನ್ನ ಕಾಲೇಜು ತೆರೆಯುವ ಮೊದಲು, ನಾವಿಬ್ಬರೂ ಹತ್ತು ದಿನದ ಮಟ್ಟಿಗೆ ಅಲ್ಲಿಗೆ ಹೊರಟೆವು. ಮಾರ್ಸೆಲ್ ಸೈಕಲ್ಲುಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿಕೊಟ್ಟ. ಅಂಗಿಯ ಬೆನ್ನುಜೇಬಿನಲ್ಲಿ ಯಾವಾಗಲೂ ಬ್ರೆಡ್ಡು, ಒಣಹಣ್ಣು ಇರಬೇಕೆಂದು, ಗಂಟೆಗೊಮ್ಮೆ ತಿನ್ನಲೇಬೇಕೆಂದು ಬೆರಳು ಅಲ್ಲಾಡಿಸಿ ಹೇಳಿದ. ಬೆಟ್ಟದಲ್ಲಿ ಮೈಯ ಶಕ್ತಿ ಮುನ್ಸೂಚನೆ ಕೊಟ್ಟು ಮುಗಿಯುವುದಿಲ್ಲವಂತೆ, ದೀಪ ಆರಿದ ಹಾಗೆ ಒಮ್ಮೆಗೇ ಹೋಗುತ್ತದಂತೆ.

ವಿಮಾನ ನಿಲ್ದಾಣದಲ್ಲಿ ನೀನು ನನಗೆ ಹೇಳಿದ್ದು ನೆನಪಿದೆಯೇ? “ಅಣ್ಣಾ, ಅಲ್ಲಿರೋವಾಗ ಏಕಾದಶಿ ಬರುತ್ತೆ. ನೀವಿದ್ರೆ ಮಾಡ್ತಾರೆ. ಇಲ್ದಿದ್ರೆ ಬ್ರೆಡ್ ತಿಂದು ಬಂದು ನಂಗೆ ಸುಳ್ಳು ಹೇಳ್ತಾರೆ. ನೋಡ್ಕೊಳ್ಳಿ.” ನರಹರಿ ನಕ್ಕ. “ನೋಡಿದ್ರಾ, ಸೈಕಲ್‌ಗೆ ಎರಡು ಬ್ರೇಕು ಸಾಲದು ಅಂತ ಶಾಸ್ತ್ರಿಗಳನ್ನೂ ಫಿಟ್ ಮಾಡಿ ಕಳಿಸ್ತಿದಾಳೆ.” ಏಳು ವರ್ಷದ ಮಗಳು ಮಾಲಾ ಅವನ ಕಾಲನ್ನು ಹಿಡಿದುಕೊಂಡು ನಿಂತಿದ್ದಳು. ನಾನು ನಿನಗೆ ಮಾತು ಕೊಟ್ಟೆ.

ಆ ಸೀಮೆಯನ್ನು ನಿನಗೆ ಎಂದೂ ಸರಿಯಾಗಿ ವರ್ಣಿಸಲಿಲ್ಲ. ನೀನು ಕೇಳಿದಾಗಲೆಲ್ಲ ಮಾತು ಮರೆಸಿದೆ. ಈಗ ಹೇಳುತ್ತೇನೆ, ಏಕೆಂದರೆ ಅವನು ಅಲ್ಲಿ ಸುಖವಾಗಿದ್ದ — ಇದೊಂದು ಮಾತು ಪೂರ್ಣ ಸತ್ಯ. ಅಲ್ಲಿ ನೆಲವೇ ಅಲೆಯಲೆಯಾಗಿ ಎದ್ದು ಬೀಳುತ್ತದೆ. ಪ್ರತಿ ದಿಬ್ಬದ ನೆತ್ತಿಯಲ್ಲಿ ಕಲ್ಲಿನ ಮನೆಗಳ ಒಂದು ಹಳ್ಳಿ. ಅಲ್ಲಿಗೆ ಏರುವ ರಸ್ತೆ ಮತ್ತೆ ತಿರುತಿರುಗಿ ತಗ್ಗಿನ ತೊರೆಗೆ ಇಳಿಯುತ್ತದೆ, ಕಿರುಸೇತುವೆ ದಾಟುತ್ತದೆ, ಇನ್ನೊಂದು ದಿಬ್ಬ ಹತ್ತುತ್ತದೆ. ಸೂರ್ಯಕಾಂತಿ ಹೊಲಗಳು ಬಲಿತು ಕರ್ರಗಾಗಿ ತಲೆ ಬಾಗಿಸಿದ್ದವು. ದ್ರಾಕ್ಷಿ ಇನ್ನೂ ಬಳ್ಳಿಯಲ್ಲಿತ್ತು. ಮೋಡವಿಲ್ಲದ ಬೆಳಗ್ಗೆ ದಕ್ಷಿಣದಲ್ಲಿ ಪಿರನೀಸ್ ಪರ್ವತಗಳು ಹಿಮ ಹೊತ್ತು ಕಾಣುತ್ತಿದ್ದವು. ನಾನು ಸೈಕಲ್ಲಿನಿಂದ ಇಳಿದು ಕೈಮುಗಿಯುತ್ತಿದ್ದೆ, ನರಹರಿ ಇಳಿಯದೆಯೇ ಹ್ಯಾಂಡಲ್ ಬಿಟ್ಟು ಕೈಮುಗಿದು ನನ್ನನ್ನು ಅಣಕಿಸುತ್ತಿದ್ದ. ಏರಿನಲ್ಲಿ ಅವನು ಮುಂದೆ, ನಾನು ಫರ್ಲಾಂಗು ಹಿಂದೆ. ನೆತ್ತಿಯಲ್ಲಿ ನಿಂತು ಕಾಯುತ್ತಿದ್ದ: “ಬನ್ನಿ, ಬನ್ನಿ, ಇನ್ನೆರಡೇ ಶ್ಲೋಕ, ಬಂದೇಬಿಡ್ತು.” ಇಳಿಜಾರಿನಲ್ಲಿ ಮಾತ್ರ ಅವನು ನನಗಿಂತ ಎಚ್ಚರ. ಎರಡು ಕೈಯೂ ಬ್ರೇಕಿನ ಮೇಲೆ, ತಿರುವಿಗೆ ಮೊದಲೇ ವೇಗ ಇಳಿಸುತ್ತಿದ್ದ. ಇದನ್ನು ನೆನಪಿಟ್ಟುಕೋ.

ನನ್ನ ಪಟ್ಟಿ ಚೀಲದಲ್ಲಿತ್ತು. ಡೆಟ್ರಾಯ್ಟಿಗೆ ಮಾಡಿದ ಪಟ್ಟಿ. ಅದನ್ನು ಸಮುದ್ರ ದಾಟಿಸಿ ತಂದವನು, ದಾಟಿದ ಮೇಲೆ ಮತ್ತೆ ಗುಣಿಸಬೇಕೆಂದು ಯೋಚಿಸಲೇ ಇಲ್ಲ. ಇತರರ ಮನೆಯ ತಿಥಿಯನ್ನೆಲ್ಲ ನಿಮಿಷಕ್ಕೆ ಸರಿಯಾಗಿ ಹೇಳುತ್ತಿದ್ದ ಮನುಷ್ಯ! ಪಟ್ಟಿಯ ಪ್ರಕಾರ ನಾವು ಮಾರ್ಸೆಲ್‌ನ ಅಕ್ಕನ ಮನೆ ತಲುಪಿದ ದಿನ ದಶಮಿ — ಎಂದರೆ ಒಪ್ಪೊತ್ತು. ಮಧ್ಯಾಹ್ನ ನೀನು ಕಟ್ಟಿಕೊಟ್ಟಿದ್ದ ಅವಲಕ್ಕಿ ತಿಂದಿದ್ದೆವು. ಅಂದು ಎಂಬತ್ತು ಕಿಲೋಮೀಟರು ತುಳಿದಿದ್ದೆವು. ಸಂಜೆ ಆ ತಾಯಿ ಹುರುಳಿಕಾಯಿಯ ಸಾರು, ಬ್ರೆಡ್ಡು, ಚೀಸು ಮುಂದಿಟ್ಟಳು. ನರಹರಿಯ ಕೈ ಬ್ರೆಡ್ಡಿನ ಮೇಲಿತ್ತು. “ಒಂದು ತುಂಡು, ಶಾಸ್ತ್ರಿಗಳೇ. ದಶಮಿಗೂ ಇಷ್ಟೊಂದು ಕಟ್ಟುನಿಟ್ಟಾ?” ಎಂದ. “ಶಾರದೆಗೆ ಮಾತು ಕೊಟ್ಟು ಬಂದಿದೀನಿ” ಎಂದೆ. ಅವನು ಕೈ ತೆಗೆದ. ನೀರು ಕುಡಿದು ಮಲಗಿದ.

ಮರುದಿನ ಸೂರ್ಯೋದಯಕ್ಕೆ ಮೊದಲು ಅಂಗಳದ ಪಂಪಿನಲ್ಲಿ ಮಿಂದು ಸಂಧ್ಯಾವಂದನೆಗೆ ಕುಳಿತೆ. ಸಂಕಲ್ಪದಲ್ಲಿ ಆ ದಿನದ ತಿಥಿಯನ್ನು ಹೇಳಬೇಕು. ಹೇಳಲು ಬಾಯಿ ತೆರೆದವನು — ಏಕೋ ನಿಲ್ಲಿಸಿದೆ. ಎದ್ದು ಹೋಗಿ ಪಟ್ಟಿ ತೆಗೆದು ನೋಡಿದೆ. ಏಕಾದಶಿ, ಬೆಳಿಗ್ಗೆ ಆರೂಕಾಲಕ್ಕೆ ಆರಂಭ ಎಂದಿತ್ತು. ಡೆಟ್ರಾಯ್ಟಿನ ಆರೂಕಾಲು. ನನ್ನ ಕೈಗಡಿಯಾರ ಅಲ್ಲಿಗಿಂತ ಐದು ಗಂಟೆ ಮುಂದಿತ್ತು. ಡೆಟ್ರಾಯ್ಟಿನ ಆರೂಕಾಲೆಂದರೆ ಈ ಅಂಗಳದ ಹನ್ನೊಂದೂಕಾಲು. ಇಲ್ಲಿ ಸೂರ್ಯ ಈಗಲೇ ಮೂಡುತ್ತಿದ್ದಾನೆ. ಈಗ ನಡೆಯುತ್ತಿರುವುದು ದಶಮಿ. ಇವತ್ತು ದಶಮಿ. ನಿನ್ನೆ ನವಮಿ, ರಾತ್ರಿ ಧಾರಾಳವಾಗಿ ಉಣ್ಣಬಹುದಿತ್ತು. ಉಪವಾಸ ಇರಬೇಕಾದದ್ದು ನಾಳೆ.

ಸಂಕಲ್ಪದಲ್ಲಿ ನಾನು ದಶಮಿಯೆಂದೇ ಹೇಳಿದೆ. ದೇವರಿಗೆ ಸುಳ್ಳು ಹೇಳಲಿಲ್ಲ — ನೋಡು, ಅಷ್ಟು ಎಚ್ಚರ! ಹತ್ತು ಹೆಜ್ಜೆ ಆಚೆ, ಅಡುಗೆಮನೆಯ ಮೇಜಿನೆದುರು ಕುಳಿತಿದ್ದ ಮನುಷ್ಯನಿಗೆ ಹೇಳಿದೆ.

ಮೇಜಿನ ಮೇಲೆ ಬಿಸಿಹಾಲು, ಬ್ರೆಡ್ಡು, ಹಣ್ಣಿನ ಪಾಕ. ಆ ತಾಯಿ ತಿನ್ನು ತಿನ್ನೆಂದು ಕೈಸನ್ನೆ ಮಾಡುತ್ತಿದ್ದಳು. ನರಹರಿ ನನ್ನ ಮುಖ ನೋಡಿ ಕೇಳಿದ: “ನಿಮ್ಮ ಲಿಸ್ಟು ಡೆಟ್ರಾಯ್ಟಿಂದಲ್ವಾ? ಇಲ್ಲಿ ಸೂರ್ಯ ಬೇಗ ಬಂದ್ಬಿಡ್ತಾನೆ. ಲೆಕ್ಕ ಆಚೀಚೆ ಆಗಲ್ವಾ?”

ಎಂಜಿನಿಯರಲ್ಲವೇ, ಹಿಡಿದುಬಿಟ್ಟಿದ್ದ. ಸಂಸ್ಕೃತದ ಗಂಧವಿಲ್ಲದವನು, ಶ್ರಾದ್ಧಕ್ಕೂ ಸಂಕ್ರಾಂತಿಗೂ ನನ್ನನ್ನೇ ಕೇಳುತ್ತಿದ್ದವನು, ಒಂದೇ ಮಾತಿನಲ್ಲಿ. ನಾನು ‘ಹೌದಪ್ಪ, ತಪ್ಪಿದೆ, ತಿನ್ನು’ ಎಂದಿದ್ದರೆ ಆಗುತ್ತಿದ್ದದ್ದೇನು? ಅವನು ನಗುತ್ತಿದ್ದ. ಊರಿಗೆ ಬಂದು ನಿನ್ನೆದುರು, ಶಾಸ್ತ್ರಿಗಳು ನನ್ನನ್ನು ನವಮಿಗೇ ಉಪವಾಸ ಕೆಡವಿದರು ಎಂದು ಆಡಿಕೊಳ್ಳುತ್ತಿದ್ದ. ಭಾನುವಾರದ ಊಟದಲ್ಲಿ ಒಂದು ವರ್ಷ ಆ ತಮಾಷೆ ನಡೆಯುತ್ತಿತ್ತು. ಅಷ್ಟೇ. ಅಷ್ಟನ್ನು ನಾನು ಸಹಿಸಲಾರದೆ ಹೋದೆ.

“ಇವತ್ತೇ ಏಕಾದಶಿ” ಎಂದೆ.

ಅವನು ಹಾಲಿನ ಬಟ್ಟಲನ್ನು ಆ ತಾಯಿಯ ಕಡೆಗೆ ಮೆಲ್ಲನೆ ಸರಿಸಿದ. ಅವಳು ನನ್ನನ್ನು ನೋಡಿದ ನೋಟದಲ್ಲಿ ಕೋಪವಿತ್ತು. ಭಾಷೆ ಬಾರದವಳಿಗೂ ತಿಳಿದಿತ್ತು, ಬೆಟ್ಟ ಹತ್ತುವವನನ್ನು ಬರಿಹೊಟ್ಟೆಯಲ್ಲಿ ಕಳುಹಿಸುವುದು ಯಾವ ದೇವರಿಗೂ ಬೇಕಿಲ್ಲವೆಂದು. ನನಗೆ ತಿಳಿದಿರಲಿಲ್ಲವೇ? ನಾಳೆ ಸರಿಪಡಿಸಿದರಾಯಿತು ಎಂದುಕೊಂಡೆ. ಹೇಗೆ ಸರಿಪಡಿಸುತ್ತಿದ್ದೆನೋ — ಅದನ್ನು ಯೋಚಿಸಿರಲಿಲ್ಲ.

ಮೊದಲನೆಯ ದಿಬ್ಬ ಹೇಗೋ ಹತ್ತಿದೆವು. ಎರಡನೆಯದರಲ್ಲಿ, ಮೊದಲ ಬಾರಿಗೆ, ನಾನು ಮುಂದೆ ಅವನು ಹಿಂದೆ. ನೆತ್ತಿಯಲ್ಲಿ ನಿಂತು ಕಾದೆ. ಬಂದವನ ಮುಖ ಬಿಳಿಚಿತ್ತು. ಬೆವರು, ಆದರೆ ಮೈ ತಣ್ಣಗೆ. ಹ್ಯಾಂಡಲ್ ಬಿಟ್ಟ ಬೆರಳು ನಡುಗುತ್ತಿತ್ತು. “ಕಣ್ಣು ಕತ್ತಲೆ ಬರ್ತಿದೆ” ಎಂದ. ರಸ್ತೆಯ ಬದಿಯ ಗೋಡೆಯಾಚೆಯಿಂದ ಅಂಜೂರದ ಮರವೊಂದು ಬಾಗಿತ್ತು. ಒಂದು ಹಣ್ಣು ಕಿತ್ತು ಅಂಗೈಯಲ್ಲಿಟ್ಟುಕೊಂಡು, ಮಗುವಿನ ಹಾಗೆ, “ಒಂದೇ ಒಂದು ತಿಂದ್ಬಿಡ್ಲಾ?” ಎಂದ.

ಏಕಾದಶಿಯಂದು ಕೂಡ ನಿಶ್ಶಕ್ತನಾದವನು ಹಣ್ಣು ತಿನ್ನಬಹುದು, ಶಾರದಾ. ಅದನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಅಂದು ಅವನಿಗೆ ಚುಚ್ಚಿ ಹೇಳಿದ್ದು ಬೇರೆ:

“ತಿನ್ನು, ತಿನ್ನು. ನಾನು ಶಾರದೆಗೆ ಹೇಳಲ್ಲ.”

ಅವನು ನಕ್ಕ. ಹಣ್ಣನ್ನು ಬೆನ್ನುಜೇಬಿಗೆ ಹಾಕಿಕೊಂಡ. “ನಾಳೆ ದ್ವಾದಶಿ ಪಾರಣೆಗೆ ಇರಲಿ” ಎಂದು ಸೈಕಲ್ಲು ಹತ್ತಿದ.

ಇಳಿಜಾರು ಉದ್ದವಾಗಿತ್ತು. ತಗ್ಗಿನಲ್ಲಿ ರಸ್ತೆ ಎಡಕ್ಕೆ ಹೊರಳಿ ಕಲ್ಲುಸೇತುವೆಗೆ ಸೇರುತ್ತಿತ್ತು. ನಾನು ಹಿಂದೆ ಬರುತ್ತ ನೋಡುತ್ತಿದ್ದೆ. ತಿರುವಿಗೆ ಮೊದಲು ಅವನ ವೇಗ ಇಳಿಯಲಿಲ್ಲ. ಬ್ರೇಕಿನ ಕೀರಲು ಕೇಳಲಿಲ್ಲ. ಅವನ ತಲೆ ಮುಂದಕ್ಕೆ ಬಾಗಿತ್ತು — ರಸ್ತೆ ನೋಡುವವನ ಹಾಗಲ್ಲ, ಕುಳಿತಲ್ಲೇ ತೂಕಡಿಸುವವನ ಹಾಗೆ. ಕೂಗಿದೆ. ರಸ್ತೆ ಹೊರಳಿತು, ಅವನು ಹೊರಳಲಿಲ್ಲ. ಸೇತುವೆಯ ಗೋಡೆಗೆ —

ನಾನು ಹೋದಾಗ ಹುಲ್ಲಿನ ಮೇಲಿದ್ದ. ಉಸಿರಿತ್ತು, ಅರಿವಿರಲಿಲ್ಲ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಟಲಿಯ ನೀರನ್ನು ತುಟಿಗೆ ಹನಿಸಿ ನಾರಾಯಣನಾಮ ಹೇಳಿದೆ. ಜೇಬಿನ ಹಣ್ಣು ಜಜ್ಜಿಹೋಗಿ ಅಂಗಿಯೆಲ್ಲ ಅಂಟಾಗಿತ್ತು. ಗಡಿಯಾರ ನೋಡಿದೆ. ಹತ್ತೂವರೆ. ಏಕಾದಶಿ ಹುಟ್ಟಲು ಮುಕ್ಕಾಲು ಗಂಟೆ. ಆಗ ನಾನೊಂದು ಪ್ರಾರ್ಥನೆ ಮಾಡಿದೆ, ಅದನ್ನು ಇಷ್ಟು ವರ್ಷ ನನ್ನೊಳಗೂ ಹೇಳಿಕೊಂಡಿಲ್ಲ. ಇವನು ಹನ್ನೊಂದೂಕಾಲಿನವರೆಗೆ ಇರಲಿ ಎಂದು ಬೇಡಿದೆ. ಬದುಕಲಿ ಎಂದಲ್ಲ, ಶಾರದಾ. ನನ್ನ ಮಾತು ನಿಜವಾಗುವಷ್ಟು ಹೊತ್ತು ಇರಲಿ ಎಂದು.

ಹತ್ತೂಮುಕ್ಕಾಲಿಗೆ ಹೋದ.

ಟ್ರ್ಯಾಕ್ಟರಿನಲ್ಲಿ ಬಂದ ರೈತನೊಬ್ಬ ಊರಿಗೆ ಹೋಗಿ ವೈದ್ಯನನ್ನು ಕರೆತರುವಾಗ ಮಧ್ಯಾಹ್ನವಾಗಿತ್ತು. ವೈದ್ಯ ತಾನು ನೋಡಿದ ಹೊತ್ತನ್ನೇ, ಹನ್ನೆರಡು ಗಂಟೆಯೆಂದು, ಕಾಗದದಲ್ಲಿ ಬರೆದ. ಆ ಕಾಗದ ನಿನ್ನ ಬಳಿಯಿದೆ. ಹನ್ನೆರಡಕ್ಕೆ ಏಕಾದಶಿ ಹುಟ್ಟಿಯಾಗಿತ್ತು. ಹೀಗೆ ನನ್ನ ಸುಳ್ಳಿಗೆ ಸರ್ಕಾರದ ಮುದ್ರೆಯೂ ಬಿತ್ತು. ಹತ್ತೂಮುಕ್ಕಾಲಿಗೆ ಸಾಕ್ಷಿ ನಾನೊಬ್ಬನೇ.

ಅಲ್ಲಿಯ ಅಂಚೆಕಚೇರಿಯಿಂದ ನಿನಗೆ ಫೋನು ಮಾಡಿದೆ. ನೀನು ಒಂದೇ ಪ್ರಶ್ನೆ ಕೇಳಿದೆ: “ಯಾವ ತಿಥಿ, ಅಣ್ಣಾ?”

ನಿಜ ಹೇಳಲು ಅದಕ್ಕಿಂತ ಸರಿಯಾದ ಗಳಿಗೆ ಮತ್ತೆ ಬರಲಿಲ್ಲ. “ಏಕಾದಶಿ, ಶಾರದಾ. ಉಪವಾಸದಲ್ಲೇ ಹೋದ. ಪುಣ್ಯವಂತ” ಎಂದೆ. ನಿನ್ನ ಅಳು ಆಗ ಹೊರಟಿತು. ಆದರೆ ಅದರೊಳಗೆ ಎಲ್ಲೋ ಒಂದು ಆಸರೆ ಸಿಕ್ಕಿದವರ ಉಸಿರಿತ್ತು. ಅದನ್ನು ಕೇಳಿ ನನಗೂ ಸಮಾಧಾನವಾಯಿತು. ಸುಳ್ಳಿನಿಂದ ಒಬ್ಬರಿಗೆ ಒಳ್ಳೆಯದಾಯಿತೆಂಬ ಸಮಾಧಾನ — ಅದು ಎಂಥ ನಂಜು ಎಂಬುದು ತಡವಾಗಿ ತಿಳಿಯುತ್ತದೆ.

ಬ್ರೇಕು ಹಿಡಿಯಲಿಲ್ಲವೆಂದು ಎಲ್ಲರಿಗೂ ಹೇಳಿದ್ದೂ ನಾನೇ. ನುಗ್ಗಾದ ಸೈಕಲ್ಲು ಪೆಟ್ಟಿಗೆಯಲ್ಲಿ ಹಿಂದಿರುಗಿ ಬಂದಾಗ ಮಾರ್ಸೆಲ್ ಅದನ್ನು ತನ್ನ ಶೆಡ್ಡಿನಲ್ಲಿ ತಲೆಕೆಳಗೆ ನಿಲ್ಲಿಸಿ ಮಧ್ಯಾಹ್ನವೆಲ್ಲ ಪರೀಕ್ಷಿಸಿದ. ಕೊನೆಗೆ ನನ್ನ ಕಡೆ ತಿರುಗಿ, ತನ್ನ ಮುರುಕು ಇಂಗ್ಲಿಷಿನಲ್ಲಿ, “ಬ್ರೇಕ್ ಈಸ್ ಗುಡ್, ಪ್ರೊಫೆಸರ್” ಎಂದ. ಆ ದಿನದಿಂದ ಅವನು ನನ್ನೊಡನೆ ಮಾತಾಡಿದ್ದಿಲ್ಲ.

ಶವ ಡೆಟ್ರಾಯ್ಟಿಗೆ ಬಂದ ಮೇಲೆ ಕರ್ಮ ಹಿಡಿಯುವ ಪ್ರಶ್ನೆ ಬಂತು. ಗಂಡುಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ, ಸ್ನೇಹಿತನಾದವನು ಮಾಡಬಹುದೆಂದು ಶಾಸ್ತ್ರವಿದೆ. ಮಂತ್ರ ಬಲ್ಲವನೂ ನಾನೇ, ಕರ್ತೃವೂ ನಾನೇ. ದರ್ಭೆ ಹಿಡಿದು, ಅವನ ಗೋತ್ರ ಹೇಳಿ, ಹೆಸರು ಹೇಳಿ, ತಿಥಿಯಿರುವ ಜಾಗದಲ್ಲಿ ಏಕಾದಶಿಯೆಂದೆ. ಅಂಗಳದಲ್ಲಿ ದೇವರಿಗೆ ಸುಳ್ಳು ಹೇಳಲು ಅಂಜಿದವನು ಇಲ್ಲಿ ಅಗ್ನಿಯೆದುರು ಅಂಜಲಿಲ್ಲ. ಮರುವರ್ಷ ಅದೇ. ಅದರ ಮರುವರ್ಷ ಅದೇ. ನೀನು ಮಡಿಯಲ್ಲಿ ಮಾಡಿದ ಅಡುಗೆ, ನಿನ್ನ ಕೈಯ ವಡೆ, ಎಳ್ಳುಂಡೆ. ನಾನು ಇಡುವ ಪಿಂಡ. ಎಲ್ಲವೂ ಅವನಿಗೆ ಸಲ್ಲದ ದಿನ. ಮಹಾಲಯದಲ್ಲಾದರೂ ಸಿಕ್ಕೀತೆಂದರೆ ಅಲ್ಲಿಯೂ ಅದೇ ತಿಥಿ. ತಿಥಿ ತಿಳಿಯದೆ ಹೋದವರಿಗೆ ಶಾಸ್ತ್ರದಲ್ಲಿ ಅಮಾವಾಸ್ಯೆಯ ದಾರಿಯಿದೆ. ತಿಳಿದವನೇ ತಪ್ಪು ಹೇಳಿ ಮಾಡಿದ್ದಕ್ಕೆ ದಾರಿ ಎಲ್ಲಿದೆಯೆಂದು ಹುಡುಕಿದ್ದೇನೆ, ನನಗೆ ಸಿಕ್ಕಿಲ್ಲ. ಎರಡು ವರ್ಷ, ಶ್ರಾದ್ಧದ ಹಿಂದಿನ ದಿನ, ದಶಮಿಯಂದು, ನನ್ನ ಮನೆಯಲ್ಲಿ ಗುಟ್ಟಾಗಿ ಎಳ್ಳುನೀರು ಬಿಟ್ಟು ನೋಡಿದೆ. ಕಳ್ಳತನದ ಮಾಲನ್ನು ಅದರ ಒಡೆಯನಿಗೇ ಬಚ್ಚಿಟ್ಟು ಕೊಡುತ್ತಿರುವಂತೆ ಅನ್ನಿಸಿ ಬಿಟ್ಟುಬಿಟ್ಟೆ.

ಎಪ್ಪತ್ತೈದರಲ್ಲಿ ಲಿಸ್ಲ್ ಊರಿಗೆ ಬಂದೆ. ಶಿಕಾಗೋ ಕಡೆ ಒಳ್ಳೆಯ ಕೆಲಸ ಸಿಕ್ಕಿತೆಂದು ನಿನಗೆ ಹೇಳಿದ್ದೆ. ಕೆಲಸ ಇಲ್ಲಿಯದಕ್ಕಿಂತ ಡೆಟ್ರಾಯ್ಟಿನದೇ ಚೆನ್ನಾಗಿತ್ತು. ಭಾನುವಾರಗಳಿಗೆ ಹೆದರಿ ಬಂದೆ.

ಈಗ ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದು ಕೇಳುತ್ತೀಯೆ. ಸಾಯುವ ಮೊದಲು ಭಾರ ಇಳಿಸಿಕೊಳ್ಳಲು ಅಲ್ಲ. ಮಾಲಾ ಫೋನು ಮಾಡಿದ್ದಳು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವ ನೀನು ನನ್ನ ಪಟ್ಟಿ ನೋಡಿಕೊಂಡು ಏಕಾದಶಿಗೆಲ್ಲ ನೀರು ಕೂಡ ಮುಟ್ಟದೆ ಇರುತ್ತೀಯಂತೆ. ಹೋದ ತಿಂಗಳು ಸೂಪರ್ ಮಾರ್ಕೆಟ್ಟಿನಲ್ಲಿ ಬಿದ್ದೆಯಂತೆ, ಆ್ಯಂಬುಲೆನ್ಸ್ ಬಂತಂತೆ. “ಅಂಕಲ್, ಷಿ ಲಿಸನ್ಸ್ ಓನ್ಲಿ ಟು ಯು. ಪ್ಲೀಸ್ ಟೆಲ್ ಹರ್ ಟು ಈಟ್” ಎಂದು ಆ ಹುಡುಗಿ ಅತ್ತಳು. ಅವಳ ಅಪ್ಪನಿಗೂ ಆ ಬೆಳಗ್ಗೆ ಮೇಜಿನೆದುರು ನಾನು ತಿನ್ನೆಂದು ಹೇಳಿದ್ದರೆ ಸಾಕಾಗಿತ್ತು.

ತಕ್ಷಣ ನಿನಗೆ ಫೋನು ಮಾಡಿದೆ. ಕಾಯಿಲೆಯವರಿಗೆ ಉಪವಾಸವಿಲ್ಲ ಎಂದೆ. “ಅವರು ಬೆಟ್ಟ ಹತ್ತೋವಾಗ್ಲೂ ಬಿಡದೆ ಹೋದವರು. ನಾನು ಸೋಫಾ ಮೇಲೆ ಕೂತು ಬಿಡ್ಲಾ, ಅಣ್ಣಾ?” ಎಂದೆ ನೀನು. ಬರುವ ವೈಕುಂಠ ಏಕಾದಶಿಯನ್ನಂತೂ ಬಿಡುವುದಿಲ್ಲ, ಅವರು ಹೋದ ಬಾಗಿಲಿನಲ್ಲೇ ನಾನೂ ಹೋಗಬೇಕು ಎಂದೂ ನೀನು ಸೇರಿಸಿದೆ. ಆಗ ನಾನು ಹೇಳಿದೆ: “ಶಾರದಾ, ಅವತ್ತು ಏಕಾದಶಿ ಆಗಿರಲಿಲ್ಲ.”

ನೀನು ಮೆಲ್ಲಗೆ ನಕ್ಕೆ. “ನಂಗೆ ಊಟ ಮಾಡಿಸೋಕೆ ಇಷ್ಟು ದೊಡ್ಡ ಸುಳ್ಳು ಹೇಳ್ತೀರಾ? ನಿಮ್ಮ ಬಾಯಲ್ಲಿ ಸುಳ್ಳು ಚೆನ್ನಾಗಿರಲ್ಲ, ಅಣ್ಣಾ. ಅಭ್ಯಾಸ ಇಲ್ಲ ನಿಮಗೆ.”

ಆರು ವರ್ಷದ ಸುಳ್ಳು ನಿನಗೆ ಸತ್ಯವಾಗಿದೆ. ನನ್ನ ಮೊದಲ ಸತ್ಯ ನಿನಗೆ ಕರುಣೆಯ ಸುಳ್ಳಾಗಿ ಕೇಳಿಸಿತು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಧರ್ಮಾಧಿಕಾರಿಯೂ ವಿಧಿಸಲಾರ. ಆದರೆ ಶಿಕ್ಷೆಯನ್ನು ಅನುಭವಿಸುವವಳು ನೀನು.

ಈ ಕಾಗದದೊಡನೆ ಆ ವರ್ಷದ ಪಟ್ಟಿಯ ನನ್ನ ಪ್ರತಿಯನ್ನು ಇಟ್ಟಿದ್ದೇನೆ. ಆರೂಕಾಲು ಎಂದಿರುವ ಸಾಲನ್ನು ನೋಡು. ಅದಕ್ಕೆ ಐದು ಗಂಟೆ ಸೇರಿಸು. ಬೆಳಗಿನ ನನ್ನ ಸುಳ್ಳನ್ನು ಅದು ತೋರಿಸುತ್ತದೆ. ಹತ್ತೂಮುಕ್ಕಾಲಿಗೆ ಮಾತ್ರ ನನ್ನ ಮಾತನ್ನೇ ನೀನು ನಂಬಬೇಕು. ನಂಬದಿರಲು ಬೇಕಾದ ಕಾರಣಗಳನ್ನೆಲ್ಲ ನಾನೇ ಒದಗಿಸಿದ್ದೇನೆ. ನಂಬಿದರೆ ಅವನನ್ನು ನೀನು ಇನ್ನೊಮ್ಮೆ ಕಳೆದುಕೊಳ್ಳುತ್ತೀಯೆ, ಈ ಸಲ ಆ ಒಂದು ಆಸರೆಯೂ ಇಲ್ಲದೆ. ನಂಬದಿದ್ದರೆ ನೀನು ಉಣ್ಣುವುದಿಲ್ಲ. ಮೂರನೆಯ ದಾರಿಯನ್ನು ನಾನು ಉಳಿಸಿಲ್ಲ.

ಅವನ ತಿಥಿ ಭಾದ್ರಪದ ಶುದ್ಧ ದಶಮಿ. ಮುಂದಿನ ಶ್ರಾದ್ಧವನ್ನು ಅಂದು ಬೇರೆ ಯಾರಿಂದಲಾದರೂ ಮಾಡಿಸು. ನನ್ನ ಕೈಯಿಂದ ಬೇಡ.

ಎಂಟನೆಯ ವರ್ಷದಲ್ಲಿ ಉಪನಯನವಾದಂದಿನಿಂದ ನಾನು ಏಕಾದಶಿಯಂದು ಅನ್ನ ಮುಟ್ಟಿದವನಲ್ಲ. ವೈಕುಂಠ ಏಕಾದಶಿಯ ಹಿಂದಿನ ದಿನ ಇಲ್ಲಿಂದ ಹೊರಟು ಫಾರ್ಮಿಂಗ್ಟನ್ ಹಿಲ್ಸ್‌ನ ನಿನ್ನ ಮನೆಗೆ ಬರುತ್ತೇನೆ. ಹಿಮ ಬಿದ್ದರೂ ಬರುತ್ತೇನೆ. ಮರುದಿನ ನಿನ್ನ ಅಡುಗೆಮನೆಯ ಮೇಜಿನೆದುರು ಕುಳಿತು, ಎಚ್ಚರವಾಗಿದ್ದು, ತಿಥಿ ಯಾವುದೆಂದು ಬಲ್ಲವನಾಗಿ, ಅನ್ನ ಉಣ್ಣುತ್ತೇನೆ. ಪ್ರಾಯಶ್ಚಿತ್ತವೆಂದು ಕರೆಯುವುದಿಲ್ಲ, ಅದರಿಂದ ನನಗೆ ಬರುವ ಪಾಪ ಬರಲಿ. ನೀನು ಬಡಿಸಬೇಕಾಗಿಲ್ಲ, ನಾನೇ ಬಡಿಸಿಕೊಳ್ಳುತ್ತೇನೆ. ನಿನಗೂ ಒಂದು ತಟ್ಟೆ ಇಡುತ್ತೇನೆ. ನೀನು ಅದನ್ನು ಮುಟ್ಟುತ್ತೀಯೆಂಬ ಭರವಸೆ ನನಗಿಲ್ಲ.